ಒಂದು ಮಗುವಾದ ಮೇಲೆ ಗರ್ಭ ಹೋಯಿತು, ಮತ್ತೆ ನಿಲ್ಲುತ್ತಿಲ್ಲ: ತನಿಖೆ ಎಲ್ಲಿಂದ ಶುರು, ದುಃಖಕ್ಕೆ ಏನು ದಾರಿ?

ಸಂಜೆಮಲ್ಲಿಗೆ ಕೇಳಿದ್ದು:

ಆಪ್ತಸಮಾಲೋಚನೆಗೆ ಬರುವ ದಂಪತಿಗಳಿಗಾಗಿ ಕೇಳುತ್ತಿದ್ದೇನೆ. ಚಿತ್ರ ಹೆಚ್ಚುಕಡಿಮೆ ಒಂದೇ. ಮೊದಲ ಮಗುವಿಗೆ ನಾಲ್ಕೈದು ವರ್ಷ, ಆ ಬಸಿರು ಸಲೀಸಾಗಿ ನಿಂತಿತ್ತು. ಎರಡನೆಯದು ಒಂಬತ್ತು ಹತ್ತನೇ ವಾರದಲ್ಲಿ ಹೋಯಿತು, ಡಿ ಅಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ತೆಗೆಯುವುದು) ಆಯಿತು. ಅಲ್ಲಿಂದ ಹತ್ತು ಹನ್ನೊಂದು ತಿಂಗಳಾದರೂ ಮತ್ತೆ ನಿಂತಿಲ್ಲ. ಹೆಂಡತಿಯ ವಯಸ್ಸು 34ರಿಂದ 36. "ಒಮ್ಮೆ ಹೆತ್ತಿದ್ದೀರಲ್ಲ, ಆಗುತ್ತೆ ಬಿಡಿ" ಅಂತ ಮನೆಯವರಿಂದ ಹಿಡಿದು ಕೆಲವು ವೈದ್ಯರವರೆಗೆ ಎಲ್ಲರೂ ಹೇಳಿ ಕಳಿಸಿರುತ್ತಾರೆ.

ಇಂಥವರು ಇನ್ನೂ ಕಾಯಬೇಕೋ, ಈಗಲೇ ತಪಾಸಣೆಗೆ ಹೋಗಬೇಕೋ? ಹೋದರೆ ಯಾವ ಪರೀಕ್ಷೆ ಯಾವ ದಿನ? ಗರ್ಭ ಹೋದದ್ದಕ್ಕೆ ಬೇರೆ ಪರೀಕ್ಷೆ, ಗರ್ಭ ನಿಲ್ಲದಿರುವುದಕ್ಕೆ ಬೇರೆ ಪರೀಕ್ಷೆ ಇದೆಯೇ? ಇನ್ನೊಂದು, ನನಗೆ ಹೆಚ್ಚು ಮುಖ್ಯವಾದದ್ದು: ಹೋದ ಮಗುವಿನ ದುಃಖ ಆರುವ ಮೊದಲೇ ಪ್ರತಿ ತಿಂಗಳ ನಿರಾಸೆ ಅದರ ಮೇಲೆ ಬಂದು ಕೂರುತ್ತದೆ, ಮನೆಯಲ್ಲಿರುವ ಮಗು ಬೇರೆ "ತಮ್ಮ ಯಾವಾಗ ಬರ್ತಾನೆ" ಅನ್ನುತ್ತಿರುತ್ತದೆ. ಇದನ್ನು ನಿಭಾಯಿಸಲು ಖಚಿತವಾಗಿ ಏನು ಮಾಡಬಹುದು? ಧೈರ್ಯದ ಮಾತುಗಳು ಅವರಿಗೆ ಈಗಾಗಲೇ ಸಾಕಷ್ಟು ಸಿಕ್ಕಿವೆ.

ಹೊಂಗೆನೆರಳು:

ಆ "ಒಮ್ಮೆ ಹೆತ್ತಿದ್ದೀರಲ್ಲ" ಅನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಹಿಂದೆ ಗರ್ಭ ನಿಂತವರಿಗೆ ಮತ್ತೆ ನಿಲ್ಲುವ ಸಾಧ್ಯತೆ, ಒಮ್ಮೆಯೂ ನಿಲ್ಲದವರಿಗಿಂತ ಸರಾಸರಿಯಲ್ಲಿ ತುಸು ಹೆಚ್ಚು. ಆದರೆ ಹಳೆಯ ಹೆರಿಗೆ ಹೇಳುವುದು ಐದು ವರ್ಷದ ಹಿಂದಿನ ಸ್ಥಿತಿಯನ್ನು. ಆಗ ಅಂಡ ಬಿಡುಗಡೆಯಾಗುತ್ತಿತ್ತು, ಒಂದಾದರೂ ಅಂಡನಾಳ ತೆರೆದಿತ್ತು, ವೀರ್ಯ ಸಾಕಷ್ಟಿತ್ತು, ಗರ್ಭಕೋಶದ ಒಳಪದರ ನೆಟ್ಟಗಿತ್ತು. ಈ ನಾಲ್ಕರಲ್ಲಿ ಯಾವುದೂ ಈಗ ಬದಲಾಗಿರಬಹುದು. ಕೆಲವನ್ನು ಆ ಹೆರಿಗೆಯೋ ಡಿ ಅಂಡ್ ಸಿಯೋ ತಾನೇ ಬದಲಿಸಿರಬಹುದು.

ಕಾಯುವ ಲೆಕ್ಕ ಮೊದಲ ಮಗುವಿಗೆ ಕಾದವರಿಗೂ ಇವರಿಗೂ ಒಂದೇ. 35 ತುಂಬದವರಿಗೆ 12 ತಿಂಗಳು, 35 ಆದವರಿಗೆ 6 ತಿಂಗಳು, 40 ದಾಟಿದ್ದರೆ ಕಾಯುವುದೇ ಬೇಡ. ಹಾಗಾಗಿ ನೀವು ಹೇಳಿದ ದಂಪತಿಗಳಲ್ಲಿ 35 ಮೀರಿದವರು ಈಗಾಗಲೇ ತಡಮಾಡಿದ್ದಾರೆ. ಕೆಲವು ಲಕ್ಷಣ ಕಂಡರೆ ತಿಂಗಳೆಣಿಸುತ್ತ ಕೂರಬಾರದು: ಡಿ ಅಂಡ್ ಸಿ ಆದಮೇಲೆ ಮುಟ್ಟು ತೀರಾ ಕಮ್ಮಿಯಾಗುವುದು ಅಥವಾ ನಿಂತುಹೋಗುವುದು, ಚಕ್ರ 21 ದಿನಕ್ಕಿಂತ ಚಿಕ್ಕದಾಗಿ ಅಥವಾ 35 ದಿನಕ್ಕಿಂತ ಉದ್ದವಾಗಿ ಬದಲಾಗುವುದು, ಹಿಂದೊಮ್ಮೆ ನಾಳದಲ್ಲಿ ಬಸಿರು ನಿಂತಿದ್ದು, ಕೀಳುಹೊಟ್ಟೆಯ ಸೋಂಕು ಅಥವಾ ಒಡೆದ ಅಪೆಂಡಿಕ್ಸ್‌ನ ಚರಿತ್ರೆ.

ಡಿ ಅಂಡ್ ಸಿ ಆದವರಲ್ಲಿ ನಾನು ಮೊದಲು ಕೇಳುವ ಪ್ರಶ್ನೆ: ಮುಟ್ಟಿನಲ್ಲಿ ಈಗ ಎಷ್ಟು ಪ್ಯಾಡ್, ಮೊದಲು ಎಷ್ಟು? ಕೆರೆಯುವಾಗ ಒಳಪದರದ ಆಳದ ತಳಪದರವೂ ಕಿತ್ತುಬಂದರೆ ಎದುರುಬದುರು ಗೋಡೆಗಳು ಗಾಯ ಮಾಯುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನೇ ಆಶರ್‌ಮನ್ ಸಿಂಡ್ರೋಮ್ ಅನ್ನುವುದು. ಎರಡು ಸಲ ಕೆರೆದವರಲ್ಲಿ, ಹೆರಿಗೆಯಾಗಿ ಕೆಲವೇ ವಾರಕ್ಕೆ ಉಳಿದ ಮಾಸಿಗಾಗಿ ಕೆರೆದವರಲ್ಲಿ ಅಪಾಯ ಹೆಚ್ಚು. ಮುಟ್ಟು ಬರದೆ ತಿಂಗಳಿಗೊಮ್ಮೆ ಹೊಟ್ಟೆನೋವು ಮಾತ್ರ ಬರುತ್ತಿದ್ದರೆ ರಕ್ತ ಹೊರಬರುವ ದಾರಿ ಮುಚ್ಚಿರಬಹುದು. ಮಾಮೂಲಿ ಸ್ಕ್ಯಾನ್‌ನಲ್ಲಿ ಅಂಟು ತಪ್ಪಿಹೋಗುವುದು ಸಾಮಾನ್ಯ. ಗರ್ಭಕೋಶದೊಳಗೆ ಉಪ್ಪುನೀರು ಬಿಟ್ಟು ಮಾಡುವ ಸಲೈನ್ ಸ್ಕ್ಯಾನ್ ಬೇಕು, ಖಚಿತಪಡಿಸಿಕೊಳ್ಳಲು ಹಿಸ್ಟರೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಒಳಬಿಟ್ಟು ನೋಡುವುದು. ಚಿಕಿತ್ಸೆಯೂ ಹಿಸ್ಟರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡುತ್ತ ಅಂಟು ಬಿಡಿಸುವುದೇ. ಅದರ ನಂತರ ಸಾಮಾನ್ಯವಾಗಿ ಕೆಲವು ವಾರ ಈಸ್ಟ್ರೋಜನ್ ಕೊಟ್ಟು, ಮತ್ತೆ ಅಂಟಿದೆಯೇ ಎಂದು ಇನ್ನೊಮ್ಮೆ ನೋಡುತ್ತಾರೆ. "ಮುಟ್ಟು ಕಮ್ಮಿಯಾಗಿದೆ, ಇನ್ನೊಂದು ಸಲ ಕೆರೆದು ಶುದ್ಧಮಾಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಗಾಯದ ಮೇಲೆ ಗಾಯ.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಮುಟ್ಟು ಮುಗಿದ ಮೇಲೂ ಕೆಲದಿನ ಕಂದುಬಣ್ಣದ ಸ್ರಾವ ಒಸರುತ್ತದೆಯೇ ಕೇಳಿ. ಹೊಲಿಗೆಯ ಜಾಗದಲ್ಲಿ ಗುಳಿಬಿದ್ದು ಅಲ್ಲಿ ರಕ್ತ ನಿಲ್ಲುತ್ತಿರಬಹುದು. ಅದೂ ಸಲೈನ್ ಸ್ಕ್ಯಾನ್‌ನಲ್ಲೇ ಚೆನ್ನಾಗಿ ಕಾಣುತ್ತದೆ.

ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲೂ ಬರದೆ ಮುಟ್ಟೂ ಬರದೆ ಸದಾ ಸುಸ್ತು ಅನ್ನುವವರಲ್ಲಿ ಪಿಟ್ಯುಟರಿ ಗ್ರಂಥಿ ಘಾಸಿಗೊಂಡಿರಬಹುದು. ಅಪರೂಪ, ಆದರೆ ಯಾರೂ ಕೇಳದ ಕಾರಣ ವರ್ಷಗಟ್ಟಲೆ ಬಯಲಾಗುವುದಿಲ್ಲ.

ಈಗ ದಿನಗಳ ಲೆಕ್ಕ. ಸರಿಯಾಗಿ ಯೋಜಿಸಿದರೆ ಮೂಲ ತನಿಖೆ ಒಂದೇ ಚಕ್ರದಲ್ಲಿ ಮುಗಿಯುತ್ತದೆ. ಮುಟ್ಟಿನ 2ರಿಂದ 4ನೇ ದಿನ ಎಫ್‌ಎಸ್‌ಎಚ್, ಎಸ್ಟ್ರಡಯೋಲ್ ಹಾರ್ಮೋನುಗಳ ರಕ್ತಪರೀಕ್ಷೆ, ಜೊತೆಗೆ ಅಂಡಾಶಯದ ಕೋಶಕಗಳನ್ನು ಎಣಿಸುವ ಸ್ಕ್ಯಾನ್. ಟಿಎಸ್‌ಎಚ್ (ಥೈರಾಯಿಡ್), ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಎಎಂಎಚ್ (ಉಳಿದ ಅಂಡಗಳ ಸೂಚಕ) ಯಾವ ದಿನವಾದರೂ ಸರಿ. ಎಎಂಎಚ್ ಕಮ್ಮಿ ಬಂದ ಮಾತ್ರಕ್ಕೆ ಸಹಜವಾಗಿ ಗರ್ಭ ನಿಲ್ಲದು ಎಂದರ್ಥವಲ್ಲ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಔಷಧಿಗೆ ಎಷ್ಟು ಅಂಡ ಸಿಗಬಹುದು ಎಂಬ ಅಂದಾಜು ಅದು. ರಕ್ತಸ್ರಾವ ಪೂರ್ತಿ ನಿಂತ ಮೇಲೆ, ಅಂಡೋತ್ಪತ್ತಿಗೆ ಮೊದಲು, ಅಂದರೆ 28 ದಿನದ ಚಕ್ರದಲ್ಲಿ ಸುಮಾರು 6ರಿಂದ 11ನೇ ದಿನದೊಳಗೆ, ನಾಳಗಳ ಎಕ್ಸ್‌ರೇ ಆದ ಎಚ್‌ಎಸ್‌ಜಿ. ಮುಟ್ಟಾದಾಗಿನಿಂದ ಈ ಪರೀಕ್ಷೆಯವರೆಗೆ ಸಂಭೋಗ ಬೇಡ, ಬಸಿರಿನ ಅನುಮಾನಕ್ಕೆ ಎಡೆಯಿರಬಾರದು. ಒಂದು ಗಂಟೆ ಮೊದಲು ನೋವುನಿವಾರಕ ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳಿ. ನಂತರ ಜ್ವರ ಅಥವಾ ಹೆಚ್ಚುತ್ತ ಹೋಗುವ ಹೊಟ್ಟೆನೋವು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ವರದಿಯಲ್ಲಿ "ನಾಳ ಗರ್ಭಕೋಶಕ್ಕೆ ಸೇರುವಲ್ಲೇ ಬಂದ್" ಎಂದಿದ್ದರೆ ಎದೆಗುಂದಬೇಡಿ. ನೋವಿಗೆ ನಾಳ ಸೆಟೆದುಕೊಂಡರೂ ಹಾಗೇ ಕಾಣುತ್ತದೆ, ಇನ್ನೊಂದು ವಿಧಾನದಲ್ಲಿ ಖಚಿತಪಡಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು. ನಾಳದ ತುದಿ ಮುಚ್ಚಿ ನೀರು ತುಂಬಿದ್ದರೆ ಮಾತ್ರ ಕಥೆ ಬೇರೆ: ಆ ದ್ರವ ಗರ್ಭಕೋಶಕ್ಕೆ ಒಸರಿ ಐವಿಎಫ್ ಯಶಸ್ಸನ್ನೂ ಬಹಳ ತಗ್ಗಿಸುತ್ತದೆ, ಆದ್ದರಿಂದ ಐವಿಎಫ್‌ಗೆ ಮೊದಲೇ ಆ ನಾಳ ತೆಗೆಯುವುದೋ ಮುಚ್ಚುವುದೋ ಮಾಡುತ್ತಾರೆ.

ಕೊನೆಯದು ಪ್ರೊಜೆಸ್ಟೆರಾನ್, ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್. ಎಲ್ಲರಿಗೂ "21ನೇ ದಿನ" ಎಂದು ಬರೆದುಕೊಡುತ್ತಾರೆ. ಅದು 28 ದಿನದ ಚಕ್ರಕ್ಕೆ ಮಾತ್ರ. ಬೇಕಾದದ್ದು ಮುಂದಿನ ಮುಟ್ಟಿಗೆ ಏಳು ದಿನ ಮೊದಲು, ಅಂದರೆ 35 ದಿನದ ಚಕ್ರವಿದ್ದರೆ 28ನೇ ದಿನ. ತಪ್ಪು ದಿನ ರಕ್ತ ಕೊಟ್ಟು "ಅಂಡವೇ ಬಿಡುಗಡೆಯಾಗುತ್ತಿಲ್ಲ" ಎಂದು ಮಾತ್ರೆ ನುಂಗುತ್ತಿರುವವರು ಎಷ್ಟೋ ಮಂದಿ. ಪ್ರತಿ ಮಿಲಿಗೆ 3 ನ್ಯಾನೋಗ್ರಾಂ ಮೀರಿದ್ದರೆ ಅಂಡೋತ್ಪತ್ತಿ ಆಗಿದೆ.

ಗಂಡನ ವೀರ್ಯ ಪರೀಕ್ಷೆ ಇದೆಲ್ಲದರ ಜೊತೆಗೇ ಆಗಬೇಕು, ಹೆಂಡತಿಯದೆಲ್ಲ ಮುಗಿದ ಮೇಲಲ್ಲ. "ನನಗೆ ಮಗುವಿದೆಯಲ್ಲ" ಎಂಬುದು ಇಲ್ಲೂ ಪುರಾವೆಯಲ್ಲ. ವೇರಿಕೊಸೀಲ್ (ವೃಷಣದ ರಕ್ತನಾಳಗಳ ಊತ) ವರ್ಷಗಳಲ್ಲಿ ಬೆಳೆಯಬಹುದು, ತೂಕ ಏರಿರಬಹುದು, ಜಿಮ್‌ಗಾಗಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡಿದ್ದರೆ ವೀರ್ಯಾಣು ಉತ್ಪಾದನೆಯೇ ನಿಂತಿರಬಹುದು. 2ರಿಂದ 7 ದಿನದ ಬಿಡುವು ಕೊಟ್ಟು, ಮಾಮೂಲಿ ಕಾಂಡೋಮ್ ಅಥವಾ ಜಾರುದ್ರವ ಬಳಸದೆ, ಪೂರ್ತಿ ಮಾದರಿ ಹಿಡಿದು, ಮನೆಯಿಂದ ತರುವುದಾದರೆ ಮೈಯ ಬಿಸಿಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ: ಪ್ರಮಾಣ 1.4 ಮಿಲಿ, ಪ್ರತಿ ಮಿಲಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ 42%, ಮುಂದಕ್ಕೆ ಸಾಗುವವು 30%, ಸರಿಯಾದ ಆಕಾರ 4%. ಆಕಾರ 4% ಎಂದು ಓದಿ ಹೌಹಾರುವವರೇ ಹೆಚ್ಚು, ಅದು ಸಹಜ. ಒಂದು ವೀರ್ಯಾಣು ತಯಾರಾಗಲು ಸುಮಾರು 70ರಿಂದ 75 ದಿನ ಬೇಕಾದ್ದರಿಂದ ಎರಡು ತಿಂಗಳ ಹಿಂದಿನ ಜೋರು ಜ್ವರವೂ ವರದಿಯನ್ನು ಕೆಡಿಸುತ್ತದೆ. ಕೆಟ್ಟ ವರದಿ ಬಂದರೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ.

ದೀಪದಕುಡಿ:

ಗರ್ಭ ಹೋದದ್ದರ ಪರೀಕ್ಷೆ ಬೇರೆಯೇ. ಎರಡನ್ನೂ ಕಲಸಿ ಹತ್ತಿಪ್ಪತ್ತು ರಕ್ತಪರೀಕ್ಷೆ ಬರೆದುಕೊಟ್ಟಾಗ ಹಣವೂ ಹೋಗುತ್ತದೆ, ಹೆಣ್ಣುಮಗಳಿಗೆ ತನ್ನ ಮೈಯೇ ಶತ್ರು ಅನ್ನಿಸಿಬಿಡುತ್ತದೆ.

ಒಂದೇ ಸಲ, ಮೊದಲ ಮೂರು ತಿಂಗಳೊಳಗೆ ಹೋಗಿದ್ದರೆ ಕಾರಣ ಹುಡುಕುವ ಪರೀಕ್ಷೆ ಬೇಡ. ಇಂಥ ನಷ್ಟಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೊಸೋಮ್ ಸಂಖ್ಯೆಯ ಏರುಪೇರು, ಅದು ಆ ಒಂದು ಅಂಡ, ಆ ಒಂದು ವೀರ್ಯಾಣುವಿನ ಮಟ್ಟದಲ್ಲಿ ಆದ ಘಟನೆ. ಎರಡು ಸಲ ಆದರೆ ತನಿಖೆ ಎಂದು ಯುರೋಪ್ ಮತ್ತು ಅಮೆರಿಕದ ಸಂತಾನೋತ್ಪತ್ತಿ ವೈದ್ಯ ಸಂಘಗಳು ಹೇಳುತ್ತವೆ. ಬ್ರಿಟನ್ ಮೂರು ಅನ್ನುತ್ತದೆ, ಆದರೆ ಎರಡರ ನಂತರವೂ ವೈದ್ಯರ ವಿವೇಚನೆಗೆ ಬಿಟ್ಟಿದೆ. ಆ ಎರಡು ಬೆನ್ನುಬೆನ್ನಿಗೇ ಆಗಿರಬೇಕೆಂದಿಲ್ಲ, ನಡುವೆ ಹುಟ್ಟಿದ ಮಗುವಿದ್ದರೂ ಲೆಕ್ಕಕ್ಕೆ ಬರುತ್ತವೆ.

ಆ ತನಿಖೆಯಲ್ಲಿ ತೂಕವಿರುವವು ಕೆಲವೇ: ಆ್ಯಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು, ಥೈರಾಯಿಡ್, ಗರ್ಭಕೋಶದ ಆಕಾರ ನೋಡಲು ತ್ರಿಡಿ ಸ್ಕ್ಯಾನ್, ಸಂದರ್ಭ ನೋಡಿ ಸಕ್ಕರೆ ಮತ್ತು ಇಬ್ಬರ ಕ್ರೋಮೊಸೋಮ್ ಪರೀಕ್ಷೆ. ಮೊದಲನೆಯದರಲ್ಲಿ ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್, ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಮೂರೂ ಸೇರಬೇಕು. ಗರ್ಭ ಹೋಗಿ ಕನಿಷ್ಠ 6 ವಾರ ಬಿಟ್ಟು ರಕ್ತ ಕೊಡಬೇಕು, ಪಾಸಿಟಿವ್ ಬಂದರೆ 12 ವಾರದ ನಂತರ ಮತ್ತೆ. ಎರಡು ಸಲವೂ ಬಂದರೆ ಮಾತ್ರ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಹಣೆಪಟ್ಟಿ. ಆಗ ಚಿಕಿತ್ಸೆ ಇದೆ, ಫಲವೂ ಇದೆ: ಗರ್ಭಕ್ಕೆ ಮೊದಲಿಂದ ದಿನಕ್ಕೆ 75ರಿಂದ 100 ಮಿಗ್ರಾಂ ಆಸ್ಪಿರಿನ್, ಟೆಸ್ಟ್ ಪಾಸಿಟಿವ್ ಆದ ದಿನದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ವೈದ್ಯರ ನಿಗಾದಲ್ಲಿ.

ಟಾರ್ಚ್ ಪರೀಕ್ಷೆ, ಅಂದರೆ ರುಬೆಲ್ಲಾದಂಥ ಸೋಂಕುಗಳ ರಕ್ತಪರೀಕ್ಷೆ, ಮರುಕಳಿಸುವ ಗರ್ಭಪಾತಕ್ಕೆ ಉಪಯೋಗವಿಲ್ಲ. ಐಜಿಜಿ ಪ್ರತಿಕಾಯ ಪಾಸಿಟಿವ್ ಎಂದರೆ ಯಾವತ್ತೋ ಆ ಸೋಂಕು ಬಂದುಹೋಗಿದೆ ಅಷ್ಟೇ. ಎಂಟಿಎಚ್‌ಎಫ್‌ಆರ್ ಜೀನ್ ಪರೀಕ್ಷೆಯೂ ಹಾಗೇ, ಅದಕ್ಕಾಗಿ ಹೆಪಾರಿನ್ ಚುಚ್ಚಿಸಿಕೊಳ್ಳುವುದು ಬೇಡ. ಅನುವಂಶಿಕ ರಕ್ತ ಹೆಪ್ಪುಗಟ್ಟುವ ದೋಷ ಇರುವವರಲ್ಲೂ ಹೆಪಾರಿನ್‌ನಿಂದ ಮಗು ಉಳಿಯುವ ಪ್ರಮಾಣ ಹೆಚ್ಚಲಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಲೈಫ್-2 ಪ್ರಯೋಗ ತೋರಿಸಿದೆ.

ಇನ್ನೊಂದು ಸಲ ಹೋಗುವ ಸಂದರ್ಭ ಬಂದರೆ, ಬಾರದಿರಲಿ, ಅಂಗಾಂಶವನ್ನು ಕ್ರೋಮೊಸೋಮ್ ಪರೀಕ್ಷೆಗೆ ಕಳಿಸುವ ಮಾತು ಶಸ್ತ್ರಕ್ರಿಯೆಗೆ ಮೊದಲೇ ಆಗಬೇಕು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಜೀವಕೋಶ ಬೆಳೆಸಲಾಗದು. ಒಂದು ಭಾಗ ಶುದ್ಧ ಸಲೈನ್‌ನಲ್ಲಿ ಹೋಗಬೇಕು. ವರದಿ "46 ಎಕ್ಸ್‌ಎಕ್ಸ್, ಸಹಜ" (ಹೆಣ್ಣಿನ ಕ್ರೋಮೊಸೋಮ್ ಮಾದರಿ) ಎಂದು ಬಂದರೆ ಅದು ತಾಯಿಯದೇ ಜೀವಕೋಶವೋ ಎಂದು ಲ್ಯಾಬ್ ಖಚಿತಪಡಿಸಿದೆಯೇ ಕೇಳಿ. ಆರ್‌ಎಚ್ ನೆಗೆಟಿವ್ ರಕ್ತದವರಿಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೇ ಎಂಬುದನ್ನು 72 ಗಂಟೆಯೊಳಗೆ ತೀರ್ಮಾನಿಸಬೇಕು.

ಸಂಜೆಮಲ್ಲಿಗೆ:

ಟಾರ್ಚ್ ವರದಿ ಹಿಡಿದು ಅಳುತ್ತ ಬರುವವರಿಗೆ ಇನ್ನು ಹೇಳಲು ಮಾತು ಸಿಕ್ಕಿತು. ಗರ್ಭ ಹೋದ ಮೇಲೆ ಎಷ್ಟು ತಿಂಗಳು ಬಿಡಬೇಕು ಎಂಬುದರಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ಡಿ ಅಂಡ್ ಸಿ ಆಗಿ ಎರಡೇ ವಾರಕ್ಕೆ ಅಂಡೋತ್ಪತ್ತಿ ಕಿಟ್ ಪಾಸಿಟಿವ್ ಎನ್ನುತ್ತಾರೆ, ಅದನ್ನು ನಂಬಬಹುದೇ?

ದೀಪದಕುಡಿ:

ತೊಡಕಿಲ್ಲದೆ ಮುಗಿದ ಆರಂಭಿಕ ನಷ್ಟಕ್ಕೆ ಮೈಯ ದೃಷ್ಟಿಯಿಂದ ಆರು ತಿಂಗಳು ಕಾಯಬೇಕಾಗಿಲ್ಲ. ಒಂದು ಮುಟ್ಟು ಬರಲಿ ಎನ್ನುವುದು ಮುಂದಿನ ಬಸಿರಿನ ವಾರ ಲೆಕ್ಕಹಾಕಲು ಅನುಕೂಲ ಎಂದಷ್ಟೇ. ಸಾಮಾನ್ಯವಾಗಿ ಅದು 4ರಿಂದ 6 ವಾರದಲ್ಲಿ ಬರುತ್ತದೆ. ಎರಡು ಸಂದರ್ಭ ಬೇರೆ: ನಾಳದ ಬಸಿರಿಗೆ ಮೆಥೊಟ್ರೆಕ್ಸೇಟ್ ಚುಚ್ಚಿದ್ದರೆ ಸುಮಾರು ಮೂರು ತಿಂಗಳು, ದ್ರಾಕ್ಷಿಗೊಂಚಲಿನ ಮೋಲಾರ್ ಬಸಿರಾಗಿದ್ದರೆ ಬಸಿರಿನ ಹಾರ್ಮೋನ್ ಆದ ಎಚ್‌ಸಿಜಿ ನಿಗಾ ಮುಗಿಯುವವರೆಗೆ. ಫೋಲಿಕ್ ಆ್ಯಸಿಡ್ ಮಾತ್ರ ನಿಲ್ಲಿಸಬೇಡಿ, ದಿನಕ್ಕೆ 400 ಮೈಕ್ರೋಗ್ರಾಂ.

ಆ ಕಿಟ್ ನಂಬಬೇಡಿ. ಅದು ಹುಡುಕುವುದು ಎಲ್‌ಎಚ್ ಎಂಬ ಹಾರ್ಮೋನನ್ನು. ಎಲ್‌ಎಚ್ ಮತ್ತು ಎಚ್‌ಸಿಜಿ ರಚನೆಯಲ್ಲಿ ಅಕ್ಕತಂಗಿಯರು, ಉಳಿದ ಎಚ್‌ಸಿಜಿಯೇ ಗೆರೆ ಮೂಡಿಸಬಹುದು. ಬಸಿರಿನ ಟೆಸ್ಟ್ ನೆಗೆಟಿವ್ ಆದ ಮೇಲಷ್ಟೇ ಕಿಟ್‌ಗೆ ಅರ್ಥ. ಮೂರು ನಾಲ್ಕು ವಾರ ಕಳೆದರೂ ಟೆಸ್ಟ್ ಪಾಸಿಟಿವ್ ಇದ್ದು ರಕ್ತ ಬಿಟ್ಟುಬಿಟ್ಟು ಹೋಗುತ್ತಿದ್ದರೆ ಒಳಗೆ ಅಂಗಾಂಶ ಉಳಿದಿದೆಯೇ ಎಂದು ಸ್ಕ್ಯಾನ್ ಬೇಕು. ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ಯುವುದು ಎರಡು ಗಂಟೆ ಮುಂದುವರಿದರೆ, ಅಥವಾ ಜ್ವರ ಮತ್ತು ದುರ್ವಾಸನೆಯ ಸ್ರಾವ ಇದ್ದರೆ ಕೂಡಲೇ ಆಸ್ಪತ್ರೆಗೆ.

ತೊರೆಯಂಚು:

ದುಃಖದ ಭಾಗಕ್ಕೆ ಬರುತ್ತೇನೆ. ಮೊದಲು ಒಂದು ಅಂಕಿ, ಏಕೆಂದರೆ "ಇಷ್ಟು ಚಿಕ್ಕದಕ್ಕೆ ಇಷ್ಟೊಂದಾ" ಎಂದು ಕೇಳಿಸಿಕೊಂಡವರಿಗೆ ಅದು ಬೇಕು. ಲಂಡನ್ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರಂಭಿಕ ಗರ್ಭನಷ್ಟವಾಗಿ ಒಂದು ತಿಂಗಳಿಗೆ 29% ಮಹಿಳೆಯರಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು, ಒಂಬತ್ತು ತಿಂಗಳಿಗೂ 18% ಮಂದಿಯಲ್ಲಿ. ಅದು ಬರೀ ಬೇಸರವಲ್ಲ. ಸ್ಕ್ಯಾನ್ ಕೋಣೆಯ ದೃಶ್ಯ ಕರೆಯದೆ ಬಂದು ಕಣ್ಣಮುಂದೆ ನಿಲ್ಲುವುದು, ಆ ರಸ್ತೆಯನ್ನೇ ತಪ್ಪಿಸುವುದು, ಶೌಚಾಲಯಕ್ಕೆ ಹೋದಾಗಲೆಲ್ಲ ರಕ್ತ ಕಂಡೀತೆಂದು ಎದೆ ಹೊಡೆದುಕೊಳ್ಳುವುದು. ಒಂದು ತಿಂಗಳು ಮೀರಿ ಹೀಗಿದ್ದರೆ ಆಘಾತಕ್ಕೆಂದೇ ಇರುವ ಸಿಬಿಟಿ ಅಥವಾ ಇಎಂಡಿಆರ್ ಎಂಬ ಮನೋಚಿಕಿತ್ಸೆಗೆ ಕಳಿಸಿ. ಸಾಮಾನ್ಯ ಸಾಂತ್ವನದಿಂದ ಇದು ಇಳಿಯುವುದಿಲ್ಲ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಇದ್ದರೆ ಅದೇ ದಿನ ಮನೋವೈದ್ಯರು.

ಪ್ರತಿ ತಿಂಗಳ ನಿರಾಸೆಗೆ ಕೆಲವು ಕಟ್ಟುಪಾಡು ನೆರವಾಗುತ್ತವೆ. ಮುಟ್ಟಿನ ದಿನ ದಾಟುವವರೆಗೆ ಟೆಸ್ಟ್ ಮಾಡದಿರುವುದು. ಮನೆಯಲ್ಲಿ ಕಿಟ್ ಇದ್ದರೆ ಕೈ ಹೋಗುತ್ತದೆ, ಹಾಗಾಗಿ ಮೊದಲೇ ತಂದಿಡಬಾರದು. ಫಲವತ್ತಾದ ಅವಧಿ ಅಂಡೋತ್ಪತ್ತಿಯ ದಿನವೂ ಸೇರಿ ಆರು ದಿನ. ಎರಡು ಮೂರು ದಿನಕ್ಕೊಮ್ಮೆ ಸೇರುವ ದಂಪತಿಗೆ ಕಿಟ್ ಇಲ್ಲದೆಯೂ ಅದು ತಪ್ಪಿಹೋಗುವುದಿಲ್ಲ. "ಇವತ್ತೇ ಆಗಬೇಕು" ಎಂಬ ಒತ್ತಡದಲ್ಲಿ ಗಂಡನಿಗೆ ಆ ಹೊತ್ತಿಗೆ ಆಗದೇಹೋಗುವುದು ಬಹಳ ಸಾಮಾನ್ಯ, ಅದನ್ನು ಜಗಳವಾಗಿಸುವ ಮೊದಲು ಕಿಟ್ ಅನ್ನು ಎರಡು ತಿಂಗಳು ಬದಿಗಿಡಿ.

ಗಂಡ ಹೆಂಡತಿ ದುಃಖಿಸುವ ವೇಗ ಬೇರೆ. ಒಬ್ಬರಿಗೆ ದಿನವೂ ಮಾತಾಡಬೇಕು, ಇನ್ನೊಬ್ಬರು ಮಾತೆತ್ತಿದರೆ ಗಾಯ ಕೆದಕಿದಂತೆ ಅನ್ನಿಸಿ ಸುಮ್ಮನಾಗುತ್ತಾರೆ, ಆ ಮೌನ ಮೊದಲಿನವರಿಗೆ ಕಲ್ಲೆದೆಯಾಗಿ ಕಾಣುತ್ತದೆ. ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಗೊತ್ತುಮಾಡಿ, ಹತ್ತು ನಿಮಿಷ ಒಬ್ಬರು ಮಾತಾಡುವುದು, ಇನ್ನೊಬ್ಬರು ಪರಿಹಾರ ಹೇಳದೆ ಕೇಳುವುದು, ಆಮೇಲೆ ಅದಲುಬದಲು. ಚಿಕಿತ್ಸೆ ಎಲ್ಲಿಯವರೆಗೆ, ಎಷ್ಟು ಸುತ್ತಿನ ನಂತರ ಬಿಡುವು ಎಂಬುದನ್ನೂ ಇಂಥ ಹೊತ್ತಿನಲ್ಲೇ, ಶುರುವಿಗೆ ಮೊದಲು ಮಾತಾಡಿಕೊಳ್ಳಬೇಕು. ಸೋತ ದಿನ ಕೂತು ತೀರ್ಮಾನಿಸುವ ವಿಷಯವಲ್ಲ ಅದು.

ಬಸಿರಿನ ಆ್ಯಪ್‌ಗಳಲ್ಲಿ "ಗರ್ಭ ಹೋಗಿದೆ" ಎಂದು ದಾಖಲಿಸಿದ ಮೇಲೆ ಅಳಿಸಿ. ಸುಮ್ಮನೆ ಅಳಿಸಿದರೆ "ನಿಮ್ಮ ಮಗುವಿಗೆ ಈಗ 30 ವಾರ" ಎಂಬ ಮಿಂಚಂಚೆ ಬರುತ್ತಲೇ ಇರಬಹುದು. ಹೆರಿಗೆಗೆ ಕೊಟ್ಟಿದ್ದ ದಿನಾಂಕ ಬರುವ ವಾರ ರಜೆಯನ್ನೋ ಜೊತೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಸುಮಾರು 16 ವಾರ ದಾಟಿ ಹೋದ ನಷ್ಟದಲ್ಲಿ ಎದೆಹಾಲು ಬರುತ್ತದೆ ಎಂದು ಯಾರೂ ಎಚ್ಚರಿಸಿರುವುದಿಲ್ಲ. ಬಿಗಿಯಾದ ಒಳ್ಳೆಯ ಬ್ರಾ, ತಣ್ಣನೆ ಬಟ್ಟೆ, ತೀರಾ ಬಿಗಿದಾಗ ನೋವು ತಗ್ಗುವಷ್ಟೇ ಹಿಂಡುವುದು. ಹಾಲು ನಿಲ್ಲಿಸಲು ಕ್ಯಾಬರ್ಗೊಲಿನ್ ಮಾತ್ರೆ ಇದೆ, ರಕ್ತದೊತ್ತಡ ಏರಿದ್ದವರಿಗೆ ಆಗದು, ಕೇಳಿಯೇ ತೆಗೆದುಕೊಳ್ಳಬೇಕು.

ಇನ್ನು ಮನೆಯ ಮಗು. "ಪಾಪು ಮಲಗಿದೆ" ಅಂದರೆ ಅದಕ್ಕೆ ನಿದ್ದೆಯೇ ಭಯ. "ಕಳೆದುಹೋಯಿತು" ಅಂದರೆ ಹುಡುಕುತ್ತದೆ. "ದೇವರು ಕರೆದುಕೊಂಡ" ಅಂದರೆ ನನ್ನನ್ನೂ ಕರೆದಾನೇನೋ ಅನ್ನುತ್ತದೆ. ಚಿಕ್ಕ ವಾಕ್ಯ ಸಾಕು: "ಅಮ್ಮನ ಹೊಟ್ಟೆಯಲ್ಲಿದ್ದ ಪಾಪು ಬೆಳೆಯೋದು ನಿಂತುಹೋಯ್ತು, ಅದು ಸತ್ತುಹೋಯ್ತು. ನಮಗೆಲ್ಲ ತುಂಬಾ ಬೇಜಾರಾಗಿದೆ. ನೀನು ಹೇಳಿದ್ದರಿಂದಲೋ ಮಾಡಿದ್ದರಿಂದಲೋ ಆಗಿದ್ದಲ್ಲ." ಕೊನೆಯ ವಾಕ್ಯ ಬಿಡಲೇಬಾರದು. ಈ ವಯಸ್ಸಿನ ಮಕ್ಕಳು "ನಂಗೆ ತಮ್ಮ ಬೇಡ" ಎಂದು ಒಮ್ಮೆ ಅಂದಿದ್ದರೆ ತಾನು ಅಂದದ್ದಕ್ಕೇ ಹೀಗಾಯಿತು ಎಂದು ನಂಬಿಬಿಡುತ್ತವೆ. ಅದೇ ಪ್ರಶ್ನೆ ಹತ್ತು ಸಲ ಬರುತ್ತದೆ, ಅದೇ ಉತ್ತರ ಹತ್ತು ಸಲ ಕೊಡಬೇಕು. "ತಮ್ಮ ಯಾವಾಗ" ಎಂಬುದಕ್ಕೆ "ನಮಗೂ ಬೇಕು ಅಂತ ಆಸೆ, ಬರ್ತಾನೋ ಇಲ್ಲವೋ ಗೊತ್ತಿಲ್ಲ" ಎಂಬುದೇ ಸರಿ. ಮುಂದಿನ ವರ್ಷ ಎಂದು ಮಾತು ಕೊಡಬೇಡಿ.

"ಒಂದಿದೆಯಲ್ಲ, ಸಾಕಲ್ಲ" ಎನ್ನುವವರಿಗೆ "ಇವಳು ಇದ್ದಾಳೆ, ಆ ಇನ್ನೊಂದು ಇಲ್ಲ, ಎರಡೂ ನಿಜ" ಎಂದು ಹೇಳಿ ಮಾತು ಬದಲಿಸುವುದನ್ನು ಕಲಿಸಿ. ಬಂಜೆತನ ಎಂಬ ಪದವನ್ನು ನಿಮ್ಮ ಕೋಣೆಯಲ್ಲಿ ಬಳಸಬೇಡಿ, "ಗರ್ಭ ನಿಲ್ಲಲು ತಡವಾಗುತ್ತಿದೆ" ಎಂದರೆ ಏನೂ ಕಡಿಮೆಯಾಗುವುದಿಲ್ಲ.

ಹೊಂಗೆನೆರಳು:

ಒಂದು ಸೇರಿಸುತ್ತೇನೆ, ಮತ್ತೆ ಗರ್ಭ ನಿಂತ ದಿನ ಇವರು ಗಾಬರಿಯಿಂದ ಮರುದಿನವೇ ಸ್ಕ್ಯಾನ್‌ಗೆ ಓಡುತ್ತಾರೆ. 6 ವಾರಕ್ಕೆ ಮೊದಲು ಬರೀ ಚೀಲ ಕಂಡು "ಮಿಡಿತ ಇಲ್ಲ" ಎಂಬ ಮಾತು ಕೇಳಿ ಕುಸಿಯುತ್ತಾರೆ. ಹಿಂದೆ ನಾಳದ ಬಸಿರಾಗಿದ್ದವರು, ನೋವು ಅಥವಾ ರಕ್ತ ಇರುವವರು ಬೇಗ ಹೋಗಬೇಕು. ಉಳಿದವರಿಗೆ 7ನೇ ವಾರ ಒಳ್ಳೆಯದು. ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಭ್ರೂಣ 7 ಮಿಮೀ ಆಗಿಯೂ ಮಿಡಿತವಿಲ್ಲದಿದ್ದರೆ, ಅಥವಾ ಚೀಲ 25 ಮಿಮೀ ಆಗಿಯೂ ಭ್ರೂಣವಿಲ್ಲದಿದ್ದರೆ ಮಾತ್ರ ನಷ್ಟವೆಂಬ ತೀರ್ಮಾನಕ್ಕೆ ಬರಬಹುದು. ಅದಕ್ಕಿಂತ ಚಿಕ್ಕದಿದ್ದರೆ ಕನಿಷ್ಠ ಏಳು ದಿನ ಬಿಟ್ಟು ಮತ್ತೆ ನೋಡಬೇಕು, ಅವಸರದ ಡಿ ಅಂಡ್ ಸಿಗೆ ಒಪ್ಪಬಾರದು. ಎಚ್‌ಸಿಜಿ 48 ಗಂಟೆಯಲ್ಲಿ ದುಪ್ಪಟ್ಟಾಗಲೇಬೇಕೆಂಬುದೂ ತಪ್ಪು ತಿಳಿವಳಿಕೆ. ಆರಂಭದ ಮಟ್ಟ 1500ಕ್ಕಿಂತ ಕಮ್ಮಿಯಿದ್ದಾಗ ಕನಿಷ್ಠ ನಿರೀಕ್ಷಿತ ಏರಿಕೆ 49%.

ಹಿಂದೆ ಒಮ್ಮೆಯಾದರೂ ಗರ್ಭ ಹೋಗಿದ್ದು, ಈ ಸಲ ಗರ್ಭಕೋಶದಲ್ಲೇ ಬಸಿರಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡ ಮೇಲೆ ರಕ್ತ ಕಾಣಿಸಿದರೆ ಪ್ರೊಜೆಸ್ಟೆರಾನ್ 400 ಮಿಗ್ರಾಂ ದಿನಕ್ಕೆರಡು ಸಲ ಯೋನಿಯಲ್ಲಿ ಇಡಲು ಬ್ರಿಟನ್ನಿನ ನೈಸ್ ಮಾರ್ಗಸೂಚಿ 2021ರಿಂದ ಹೇಳುತ್ತದೆ, ಮಿಡಿತ ಕಂಡರೆ 16 ವಾರ ತುಂಬುವವರೆಗೆ. ರಕ್ತವೇ ಕಾಣದವರಿಗೆ ಮುನ್ನೆಚ್ಚರಿಕೆಯೆಂದು ಕೊಡುವುದಕ್ಕೆ ಅಂಥ ಆಧಾರವಿಲ್ಲ. ಆ ಮಾತ್ರೆಯಿಂದ ಮುಟ್ಟು ಮುಂದೆ ಹೋಗುವುದೂ ಉಂಟು, ಆದ್ದರಿಂದ ಬಸಿರು ನಿಂತಿದೆಯೋ ಇಲ್ಲವೋ ಎಂದು ಖಚಿತವಾಗುವ ಮೊದಲೇ ಶುರುಮಾಡಿದವರು ಮುಟ್ಟು ತಡವಾದದ್ದನ್ನು ನಂಬದೆ ಟೆಸ್ಟ್ ಮಾಡಿಯೇ ನೋಡಬೇಕು.